ಹುಟ್ಟನ್ನೇ ಅಪರಾಧ ಮಾಡಿದ ಮಾತು

ಹುಬ್ಬಳ್ಳಿಯಲ್ಲಿ ಆಟೊದವರಿಗೆ ‘ಸೆಟ್ಲಮೆಂಟ್’ ಎಂದರೆ ಸಾಕು, ಬೇರೆ ಗುರುತು ಹೇಳಬೇಕಾಗಿಲ್ಲ. ಗದಗ-ಬೆಟಗೇರಿಯಲ್ಲಿಯೂ ಅದೇ ಹೆಸರಿನ ಬಡಾವಣೆಯಿದೆ. ಇಂಗ್ಲಿಷಿನ ಈ ಪದಕ್ಕೆ ನೆಲೆ, ವಸತಿ ಎಂಬುದಕ್ಕಿಂತ ಹೆಚ್ಚಿನ ಅರ್ಥವೇನೂ ಇಲ್ಲ. ಆದರೆ ಅದರ ಹಿಂದಿದ್ದ ಎರಡು ಪದಗಳು ಕಾಲಾಂತರದಲ್ಲಿ ಉದುರಿಹೋಗಿವೆ. ಬ್ರಿಟಿಷರ ಕಡತಗಳಲ್ಲಿ ಇಂಥ ಜಾಗಗಳ ಪೂರ್ತಿ ಹೆಸರು ‘ಕ್ರಿಮಿನಲ್ ಟ್ರೈಬ್ಸ್ ಸೆಟ್ಲ್‌ಮೆಂಟ್’, ಅಂದರೆ ಅಪರಾಧಿ ಬುಡಕಟ್ಟುಗಳ ವಸಾಹತು. ಅಲ್ಲಿ ಕಾವಲಿತ್ತು, ಹಾಜರಿಯಿತ್ತು; ಅಪ್ಪಣೆಯಿಲ್ಲದೆ ಹೊರಗೆ ಕಾಲಿಟ್ಟರೆ ಶಿಕ್ಷೆಯಿತ್ತು. ಒಳಗಿದ್ದವರಲ್ಲಿ ಬಹಳ ಮಂದಿಯ ಮೇಲೆ ಯಾವ ನ್ಯಾಯಾಲಯದಲ್ಲಿಯೂ ಯಾವ ಕಳವೂ ರುಜುವಾತಾಗಿರಲಿಲ್ಲ. ಅವರು ಹುಟ್ಟಿದ ಸಮುದಾಯದ ಹೆಸರು ಸರ್ಕಾರದ ಒಂದು ಪಟ್ಟಿಯಲ್ಲಿತ್ತು, ಅಷ್ಟೆ.

‘ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು’ ಎಂಬ ಗಾದೆ ನಮಗೆಲ್ಲ ಗೊತ್ತು. ಮಾತು ಕೆಡಿಸುವುದು ಒಂದು ಮನೆಯನ್ನು ಮಾತ್ರವಲ್ಲ. ಒಂದು ಕಥೆ ಸಾಕಷ್ಟು ಜನರ ಬಾಯಲ್ಲಿ ಹಾದುಬಂದರೆ ನಂಬಿಕೆಯಾಗುತ್ತದೆ. ಆ ನಂಬಿಕೆಗೆ ಒಂದು ಪದ ಸಿಕ್ಕರೆ ಅದು ಕಡತಕ್ಕೆ ಹೋಗುತ್ತದೆ. ಕಡತಕ್ಕೆ ಹೋದ ಪದ ಕಾಯ್ದೆಯಾಗುತ್ತದೆ, ಬೇಲಿಯಾಗುತ್ತದೆ, ಬೀಗವಾಗುತ್ತದೆ. ಕೊನೆಗೆ ಆ ಬೇಲಿಯನ್ನೇ ತೋರಿಸಿ, ‘ನೋಡಿ, ಇವರು ಅಪರಾಧಿಗಳಲ್ಲದಿದ್ದರೆ ಬೇಲಿಯೊಳಗೆ ಯಾಕಿರುತ್ತಿದ್ದರು?’ ಎಂದು ಕೇಳುವ ಕಾಲ ಬರುತ್ತದೆ. ಕಳೆದ ಎರಡು ಶತಮಾನಗಳಲ್ಲಿ ನಮ್ಮ ನೆಲದಲ್ಲಿ ಹೀಗೆಯೇ ನಡೆಯಿತು.

ಕಥೆ ಹುಟ್ಟಿದ ಬಗೆ

ಮೊದಲು ಬಂದದ್ದು ಥಗ್ಗರ ಕಥೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮಧ್ಯ ಭಾರತದ ಹೆದ್ದಾರಿಗಳಲ್ಲಿ ಪ್ರಯಾಣಿಕರ ಕೊಲೆ, ಸುಲಿಗೆ ನಡೆಯುತ್ತಿದ್ದುದು ನಿಜ. ಮರಾಠರ ಯುದ್ಧಗಳು ಮುಗಿದು, ಸೈನ್ಯಗಳು ಚದುರಿ, ಕೆಲಸ ಕಳೆದುಕೊಂಡ ಸಿಪಾಯಿಗಳು ದಾರಿ ಕಾಯುತ್ತಿದ್ದ ಕಾಲ ಅದು. ಆದರೆ 1830ರ ದಶಕದಲ್ಲಿ ಥಗ್ಗರ ದಮನದ ಹೊಣೆ ಹೊತ್ತ ವಿಲಿಯಂ ಸ್ಲೀಮನ್ ಎಂಬ ಅಧಿಕಾರಿ ಬಿಡಿಸಿಟ್ಟ ಚಿತ್ರ ಬೇರೆಯೇ ಆಗಿತ್ತು. ಅವನ ಪ್ರಕಾರ ಇವರು ಹಸಿವಿನಿಂದಲೋ ನಿರುದ್ಯೋಗದಿಂದಲೋ ದಾರಿಗೆ ಬಿದ್ದವರಲ್ಲ. ತಲೆತಲಾಂತರದಿಂದ ಕೊಲೆಯನ್ನೇ ಕುಲಕಸುಬು ಮಾಡಿಕೊಂಡು, ದೇವಿಯ ಹೆಸರಿನಲ್ಲಿ ಕತ್ತು ಬಿಗಿಯುವ ಗುಪ್ತ ಪಂಥದವರು. ಅವರದೇ ಗುಪ್ತ ಭಾಷೆಯಿದೆಯೆಂದು ಅದರ ಪದಕೋಶವನ್ನೂ ಅವನು 1836ರಲ್ಲಿ ಅಚ್ಚು ಹಾಕಿಸಿದ. ಅದೇ ವರ್ಷ ಬಂದ ಕಾಯ್ದೆಯ ಪ್ರಕಾರ, ಥಗ್ಗರ ಗುಂಪಿಗೆ ಸೇರಿದವನೆಂದು ಸಾಬೀತಾದರೆ ಸಾಕು, ನಿರ್ದಿಷ್ಟ ಕೊಲೆಯೊಂದನ್ನು ಮಾಡಿದನೆಂದು ತೋರಿಸದೆಯೇ ಜೀವಾವಧಿ ಶಿಕ್ಷೆ ವಿಧಿಸಬಹುದಿತ್ತು.

ಕನ್ನಡಿಗರಿಗೆ ಈ ಪದ ಹೊಸದಲ್ಲ. ನಮ್ಮ ‘ಠಕ್ಕ’ ಮತ್ತು ಹಿಂದಿಯ ‘ಠಗ್’ ಒಂದೇ ಬಳಗದ ಮಾತುಗಳು. ಮೋಸಗಾರ ಎಂದು ಅರ್ಥ. ಯಾರು ಬೇಕಾದರೂ ಠಕ್ಕರಾಗಬಹುದು, ಠಕ್ಕು ಬಿಟ್ಟು ಒಳ್ಳೆಯವರೂ ಆಗಬಹುದು. ಅದೇ ಪದ ಇಂಗ್ಲಿಷಿಗೆ ಹೋದಾಗ ನಡತೆಯ ಹೆಸರಾಗಿ ಉಳಿಯಲಿಲ್ಲ, ಕುಲದ ಹೆಸರಾಯಿತು.

ಆ ಕಥೆಯನ್ನು ಇಂಗ್ಲೆಂಡಿನ ಮನೆಮನೆಗೆ ಮುಟ್ಟಿಸಿದವನು ಕರ್ನಾಟಕಕ್ಕೆ ಪರಿಚಿತನಾದ ಮೆಡೋಸ್ ಟೇಲರ್. ಹೈದರಾಬಾದ್ ನಿಜಾಮನ ಸೇವೆಯಲ್ಲಿದ್ದ ಈತ ಮುಂದೆ 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡವನು. ಅವನು ಕಟ್ಟಿಸಿದ ಬಂಗಲೆ ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಸುರಪುರದ ಗುಡ್ಡದ ಮೇಲಿದೆ. ಸುರಪುರಕ್ಕೆ ಬರುವ ಮೊದಲೇ, 1839ರಲ್ಲಿ, ಥಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಅವನು ಬರೆದ ಕಾದಂಬರಿ ಲಂಡನ್ನಿನಲ್ಲಿ ಹೆಸರು ಮಾಡಿತು. ಟೇಲರ್ ಸುರಪುರದ ಜನರನ್ನು ಪ್ರೀತಿಯಿಂದ ಕಂಡವನು. ಕೇಡು ಬಗೆದು ಬರೆದವನಲ್ಲ. ಆದರೆ ಓದುಗರ ಮನಸ್ಸಿನಲ್ಲಿ ಒಂದು ಚಿತ್ರ ನಿಂತುಬಿಟ್ಟಿತು: ಭಾರತದಲ್ಲಿ ನಮ್ರವಾಗಿ ಮಾತನಾಡುತ್ತ ಊರೂರು ತಿರುಗುವ ಪ್ರತಿ ಪ್ರಯಾಣಿಕನ ಹೆಗಲಿನ ಕರವಸ್ತ್ರದಲ್ಲಿ ಒಂದು ಉರುಲು ಇದ್ದೀತು ಎಂಬ ಚಿತ್ರ.

ಥಗ್ಗರು ಎಷ್ಟರಮಟ್ಟಿಗೆ ಒಂದೇ ಪಂಥದವರಾಗಿದ್ದರು ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ವಾದವಿದೆ. ದಾರಿಗಳ್ಳರಿದ್ದರು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಕಳ್ಳತನವೆಂಬ ಕೃತ್ಯವನ್ನು ರಕ್ತದ ಗುಣವನ್ನಾಗಿ ಮಾಡಿದ ಆ ವಿವರಣೆಯನ್ನು ಒಪ್ಪುವುದೇ ಕಷ್ಟ.

ಬಡಗಿಯ ಮಗ ಬಡಗಿ, ಹಾಗಾದರೆ...

1857ರ ದಂಗೆಯ ಅನಂತರ ಸರ್ಕಾರಕ್ಕೆ ಅಲೆಮಾರಿಗಳೆಂದರೆ ಅನುಮಾನ ಇನ್ನೂ ಹೆಚ್ಚಾಯಿತು. ಒಂದೂರಲ್ಲಿ ನಿಲ್ಲದವರನ್ನು ಎಣಿಸುವುದು ಕಷ್ಟ, ತೆರಿಗೆ ಹಾಕುವುದು ಕಷ್ಟ, ಕಾಯುವುದು ಕಷ್ಟ. 1871ರಲ್ಲಿ ‘ಕ್ರಿಮಿನಲ್ ಟ್ರೈಬ್ಸ್ ಆಕ್ಟ್’ ಬಂದಾಗ ಅದರ ಪರವಾಗಿ ಮುಂದಿಟ್ಟ ವಾದ ಬಹಳ ಸರಳವಾಗಿತ್ತು. ಈ ದೇಶದಲ್ಲಿ ಕಸುಬು ಜಾತಿಯಿಂದ ಬರುತ್ತದೆ. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ. ಹಾಗಾದರೆ ಕಳ್ಳರ ಜಾತಿಯೂ ಇರಲೇಬೇಕು. ಕಳ್ಳನ ಮಗ ಕಳ್ಳನೇ ಆಗುತ್ತಾನೆ.

ಈ ತರ್ಕದ ಬೇರು ನಮ್ಮಲ್ಲಿಯೇ ಇತ್ತು ಎಂಬುದನ್ನು ಮರೆಯಬಾರದು. ಹುಟ್ಟಿನಿಂದ ಯೋಗ್ಯತೆ ಅಳೆಯುವ ರೂಢಿಯನ್ನು ಬ್ರಿಟಿಷರು ಹಡಗಿನಲ್ಲಿ ತಂದದ್ದಲ್ಲ. ಅವರು ನಮ್ಮ ಹಳೆಯ ನಂಬಿಕೆಯನ್ನು ಎತ್ತಿಕೊಂಡು ಅದಕ್ಕೆ ಸರ್ಕಾರದ ಮೊಹರು ಒತ್ತಿದರು. ಊರಿನ ಗೌಡರು, ಪಟೇಲರು, ಸ್ಥಿತಿವಂತರು ಯಾರನ್ನು ಬಹುಕಾಲದಿಂದ ಅನುಮಾನದಿಂದ ನೋಡುತ್ತಿದ್ದರೋ ಅವರ ಹೆಸರೇ ಪಟ್ಟಿ ಸೇರಿತು.

ಕಾಯ್ದೆಯ ಬಲ ಅಗಾಧವಾಗಿತ್ತು. ಪ್ರಾಂತೀಯ ಸರ್ಕಾರ ಒಂದು ಸಮುದಾಯವನ್ನು ‘ಅಪರಾಧಿ ಬುಡಕಟ್ಟು’ ಎಂದು ಪ್ರಕಟಿಸಿದರೆ ಆ ಪ್ರಕಟಣೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಲಿಲ್ಲ. ಈ ಮಸೂದೆಯನ್ನು ಮುಂದೆ ತಂದ ಕಾನೂನು ಸದಸ್ಯ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಮರುವರ್ಷವೇ, 1872ರಲ್ಲಿ, ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ರೂಪಿಸಿದ. ಆರೋಪಿಯ ಹಿಂದಿನ ದುರ್ನಡತೆಯನ್ನು ಸಾಮಾನ್ಯವಾಗಿ ಅವನ ವಿರುದ್ಧ ಸಾಕ್ಷ್ಯವಾಗಿ ಬಳಸಬಾರದು ಎಂದು ಅದು ಹೇಳುತ್ತಿತ್ತು. ಒಂದೇ ಕೈ ಬರೆದ ಎರಡು ಕಾಯ್ದೆಗಳು! ಒಂದರಲ್ಲಿ ಮನುಷ್ಯನ ಸ್ವಂತ ದುರ್ನಡತೆಯೂ ಸಾಕ್ಷ್ಯವಲ್ಲ. ಇನ್ನೊಂದರಲ್ಲಿ ಅವನ ತಾತನ ಕುಲದ ಹೆಸರೇ ತೀರ್ಪು.

ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಕಾಯ್ದೆ 1911ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ವಿಸ್ತರಿಸಿತು. ಮದ್ರಾಸ್ ಪ್ರಾಂತದಲ್ಲಿದ್ದ ಬಳ್ಳಾರಿ, ಮುಂಬೈ ಪ್ರಾಂತದಲ್ಲಿದ್ದ ಧಾರವಾಡ, ಬಿಜಾಪುರ ಜಿಲ್ಲೆಗಳೂ ಅದರ ವ್ಯಾಪ್ತಿಗೆ ಬಂದವು.

ಉಪ್ಪು ಹೊತ್ತವರು, ಅನ್ನ ತಂದವರು

ಪಟ್ಟಿ ಸೇರಿದವರು ಅದಕ್ಕೆ ಮೊದಲು ಏನಾಗಿದ್ದರು? ಕೊರವ, ಕೊರಚ, ಕೊರಮ ಎಂದು ಬೇರೆ ಬೇರೆ ಕಡೆ ಕರೆಸಿಕೊಳ್ಳುವ ಸಮುದಾಯವನ್ನೇ ನೋಡೋಣ. ಅವರ ಒಳಪಂಗಡಗಳ ಹೆಸರುಗಳಲ್ಲಿಯೇ ಉತ್ತರವಿದೆ: ಉಪ್ಪು ಕೊರವರು, ಕರಿಬೇವಿನ ಕೊರವರು, ಹೀಗೆ. ಕರಾವಳಿಯ ಉಪ್ಪನ್ನು ಕತ್ತೆ, ಎತ್ತುಗಳ ಮೇಲೆ ಹೇರಿಕೊಂಡು ಒಳನಾಡಿಗೆ ತರುವುದು, ಮರಳುವಾಗ ದವಸ ಒಯ್ಯುವುದು ಇವರ ವ್ಯಾಪಾರ. ನಡುವೆ ಬಿದಿರು, ಈಚಲ ಬರಲಿನಿಂದ ಬುಟ್ಟಿ ಮೊರ ಹೆಣೆಯುವುದು, ಹಗ್ಗ ಹೊಸೆಯುವುದು, ಹೆಂಗಸರು ಹಚ್ಚೆ ಹಾಕುವುದು, ಕಣಿ ಹೇಳುವುದು. ರಸ್ತೆ ಇಲ್ಲದ ಹಳ್ಳಿಗಳಿಗೆ ಉಪ್ಪು ಮುಟ್ಟುತ್ತಿದ್ದುದೇ ಇವರಿಂದ.

ಲಂಬಾಣಿಗಳ ಕಥೆಯೂ ಇಂಥದೇ. ಸಾವಿರಾರು ಹೇರೆತ್ತುಗಳೊಂದಿಗೆ ದವಸ ಸಾಗಿಸುತ್ತಿದ್ದ ಇವರಿಲ್ಲದೆ ಅಂದಿನ ದಂಡುಗಳು ನಡೆಯುತ್ತಿರಲಿಲ್ಲ. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ಏರಿಬಂದ ಕಾರ್ನ್‌ವಾಲಿಸನ ಸೈನ್ಯದ ಹೊಟ್ಟೆ ತುಂಬಿಸಿದ್ದರಲ್ಲಿ ಲಂಬಾಣಿ ವರ್ತಕರ ಪಾಲು ದೊಡ್ಡದು. ಅವರ ದವಸ ಉಂಡು ಬೆಳೆದ ಸಾಮ್ರಾಜ್ಯವೇ ಮುಂದೆ ಅವರ ಕೆಲವು ಗುಂಪುಗಳನ್ನು ಅಪರಾಧಿಗಳ ಪಟ್ಟಿಗೆ ಹಾಕಿತು.

ಈ ಬದಲಾವಣೆಗೆ ಕಾರಣ ರಕ್ತದಲ್ಲಿರಲಿಲ್ಲ, ಹಳಿಯ ಮೇಲಿತ್ತು. 1850ರ ದಶಕದಿಂದ ಹರಡಿದ ರೈಲು ಉಪ್ಪನ್ನೂ ದವಸವನ್ನೂ ಎತ್ತಿನ ಬೆನ್ನಿನಿಂದ ಕಸಿದುಕೊಂಡಿತು. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. 1876-78ರ ಭೀಕರ ಬರ ಬಳ್ಳಾರಿ, ಧಾರವಾಡ, ಮೈಸೂರು ಸೀಮೆಗಳಲ್ಲಿ ಜನರನ್ನೂ ದನಗಳನ್ನೂ ಒಟ್ಟಿಗೆ ಕೊಂದಿತು. 1878ರಲ್ಲಿ ಅರಣ್ಯ ಕಾಯ್ದೆ, ನಾಲ್ಕು ವರ್ಷಗಳ ಅನಂತರ ಮದ್ರಾಸ್ ಪ್ರಾಂತಕ್ಕೇ ಪ್ರತ್ಯೇಕ ಅರಣ್ಯ ಕಾಯ್ದೆ ಬಂದವು. ಕಾಡಿನ ಬಿದಿರು ಕಡಿಯುವುದು, ದನ ಮೇಯಿಸುವುದು ತಪ್ಪಾಯಿತು. ನಿನ್ನೆಯವರೆಗೆ ಬುಟ್ಟಿಗೆ ಬಿದಿರು ತಂದವನು ಇಂದು ಅದೇ ಬಿದಿರಿಗೆ ಕಳ್ಳನಾದ. ಕೊರವರ ಈ ಕಥೆಯನ್ನು ಮೀನಾ ರಾಧಾಕೃಷ್ಣ ಎಂಬ ವಿದ್ವಾಂಸರು ಮದ್ರಾಸ್ ಪ್ರಾಂತದ ದಾಖಲೆಗಳಿಂದಲೇ ಹೊರತೆಗೆದು 2001ರಲ್ಲಿ ಗ್ರಂಥವಾಗಿ ಪ್ರಕಟಿಸಿದ್ದಾರೆ.

ಜೀವನೋಪಾಯ ಕಳೆದುಕೊಂಡವರಲ್ಲಿ ಕೆಲವರು ಕಳವಿಗೆ ಇಳಿದಿರಬಹುದು. ಬರಗಾಲದಲ್ಲಿ ಯಾವ ಜಾತಿಯವರು ಇಳಿದಿಲ್ಲ? ಆದರೆ ಇತರರ ಕಳವಿಗೆ ಹಸಿವು ಕಾರಣವೆಂದು ಬರೆದ ಲೇಖನಿಯೇ ಇವರ ಕಳವಿಗೆ ಹುಟ್ಟು ಕಾರಣವೆಂದು ಬರೆಯಿತು.

ಬೇಲಿಯೊಳಗಿನ ಬದುಕು

ಪಟ್ಟಿಗೆ ಸೇರಿದ ಸಮುದಾಯದವರು ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕು, ಬೆರಳಚ್ಚು ಕೊಡಬೇಕು. ಗೊತ್ತುಪಡಿಸಿದ ಹೊತ್ತಿಗೆ ಹಾಜರಿ ಹಾಕಬೇಕು. ಪಕ್ಕದೂರಿನ ಸಂತೆಗೋ ಮಗಳ ಮನೆಗೋ ಹೋಗಬೇಕಾದರೆ ಪಾಸು ಬೇಕು. ರಾತ್ರಿ ಹಾಜರಿಗೆ ತಪ್ಪಿದವನು ಕಳವು ಮಾಡಿರಬೇಕಾಗಿಲ್ಲ. ಹಾಜರಿ ತಪ್ಪಿದ್ದೇ ಅಪರಾಧ. ಮಕ್ಕಳನ್ನು ತಂದೆತಾಯಿಯರಿಂದ ಬಿಡಿಸಿ ಸುಧಾರಣಾ ಶಾಲೆಗಳಲ್ಲಿಡಲು 1911ರ ಕಾಯ್ದೆ ಅವಕಾಶ ಕೊಟ್ಟಿತು. ಸಹವಾಸದಿಂದ ಕೆಡುತ್ತಾರೆ ಎಂಬ ಕಾರಣಕ್ಕೆ ಹೆತ್ತವರ ಸಹವಾಸವನ್ನೇ ತಪ್ಪಿಸಲಾಯಿತು.

ಹುಬ್ಬಳ್ಳಿ, ಗದಗ, ಬಿಜಾಪುರ, ಸೊಲ್ಲಾಪುರಗಳಲ್ಲಿ ಎದ್ದ ವಸಾಹತುಗಳ ಉದ್ದೇಶ ‘ಸುಧಾರಣೆ’ ಎಂದೇ ಹೇಳಲಾಗಿತ್ತು. ಅಲ್ಲಿ ಶಾಲೆಗಳನ್ನು ತೆರೆದ, ಕೆಲಸ ಕಲಿಸಿದ, ನಿಜವಾದ ಕಳಕಳಿಯಿದ್ದ ಅಧಿಕಾರಿಗಳೂ ಪಾದ್ರಿಗಳೂ ಇದ್ದರು. ಆದರೆ ಅದೇ ಕಾಲದಲ್ಲಿ ಹತ್ತಿ ಗಿರಣಿಗಳಿಗೂ ಕಾರ್ಖಾನೆಗಳಿಗೂ ಕೂಲಿಯಾಳು ಬೇಕಾಗಿತ್ತು. ಬಿಟ್ಟು ಹೋಗಲಾರದ, ಹೋದರೆ ಪೊಲೀಸರೇ ಹಿಡಿದು ತರುವ ಕೂಲಿಗಾರನಿಗಿಂತ ಅನುಕೂಲದ ಕೂಲಿಗಾರ ಇನ್ನೆಲ್ಲಿ ಸಿಕ್ಕಾನು!

ಎಲ್ಲರೂ ತಲೆಬಾಗಿದರೆಂದಲ್ಲ. ತಮಿಳುನಾಡಿನ ಮಧುರೆ ಸೀಮೆಯ ಪೆರುಂಗಾಮನಲ್ಲೂರಿನಲ್ಲಿ 1920ರ ಏಪ್ರಿಲ್‌ನಲ್ಲಿ ಕಳ್ಳರ್ ಸಮುದಾಯದವರು ಬೆರಳಚ್ಚು ಕೊಡಲೊಪ್ಪದೆ ನಿಂತರು. ಪೊಲೀಸರ ಗುಂಡಿಗೆ ಹದಿನೈದಕ್ಕೂ ಹೆಚ್ಚು ಮಂದಿ ಬಲಿಯಾದರು. 1936ರಲ್ಲಿ ನೆಲ್ಲೂರಿನಲ್ಲಿ ಮಾತನಾಡಿದ ಜವಾಹರಲಾಲ್ ನೆಹರೂ ಅವರು, ಯಾವುದೇ ಸಮುದಾಯವನ್ನು ಅಪರಾಧಿಯೆಂದು ಹೆಸರಿಸಲಾಗದು, ಈ ಕಾಯ್ದೆ ನಾಗರಿಕ ಸ್ವಾತಂತ್ರ್ಯದ ನಿರಾಕರಣೆ ಎಂದು ಖಂಡಿಸಿದರು.

ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ಸುಳ್ಳು

ಈ ಇಡೀ ವ್ಯವಹಾರದಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಅಮೆರಿಕದ ಸಮಾಜವಿಜ್ಞಾನಿ ರಾಬರ್ಟ್ ಮರ್ಟನ್ 1948ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರಲ್ಲಿ ಅದನ್ನು ವಿವರಿಸಿದ್ದಾನೆ. ಗಟ್ಟಿಯಾಗಿರುವ ಬ್ಯಾಂಕೊಂದು ಮುಳುಗುತ್ತಿದೆ ಎಂಬ ಸುಳ್ಳುಸುದ್ದಿ ಹಬ್ಬುತ್ತದೆ. ಜನ ಓಡಿಬಂದು ಹಣ ವಾಪಸು ಪಡೆಯುತ್ತಾರೆ. ಸಂಜೆಯ ಹೊತ್ತಿಗೆ ಬ್ಯಾಂಕು ನಿಜವಾಗಿ ಮುಳುಗುತ್ತದೆ. ಸುದ್ದಿ ಹಬ್ಬಿಸಿದವನು ‘ನಾನು ಮೊದಲೇ ಹೇಳಿರಲಿಲ್ಲವೆ?’ ಎನ್ನುತ್ತಾನೆ. ಆರಂಭದಲ್ಲಿ ಸುಳ್ಳಾಗಿದ್ದ ನಂಬಿಕೆ ಜನರ ನಡವಳಿಕೆಯನ್ನು ಬದಲಿಸಿ, ಆ ನಡವಳಿಕೆಯಿಂದ ತಾನೇ ನಿಜವಾಗುತ್ತದೆ.

‘ಅಪರಾಧಿ ಬುಡಕಟ್ಟು’ ಎಂಬ ಪದವೂ ಹೀಗೆಯೇ ಕೆಲಸ ಮಾಡಿತು. ಹುಟ್ಟುಗಳ್ಳರೆಂದು ಹೆಸರಾದವರಿಗೆ ಯಾರೂ ಕೆಲಸ ಕೊಡಲಿಲ್ಲ, ಜಮೀನು ಗೇಣಿಗೆ ಬಿಡಲಿಲ್ಲ, ಊರೊಳಗೆ ಜಾಗ ಕೊಡಲಿಲ್ಲ. ಊರಲ್ಲಿ ಕಳವಾದರೆ ಮೊದಲು ಇವರ ಗುಡಿಸಲಿನ ಮೇಲೆ ದಾಳಿ. ಹುಡುಕಿದ ಕಡೆ ಸಿಗುತ್ತದೆ. ಹುಡುಕದ ಕಡೆ ಸಿಗುವುದಿಲ್ಲ. ಹೀಗಾಗಿ ಪೊಲೀಸರ ದಾಖಲೆಯಲ್ಲಿ ಇವರ ಹೆಸರುಗಳೇ ತುಂಬಿದವು. ಹಾಜರಿ ತಪ್ಪಿಸಿದ್ದು, ಪಾಸಿಲ್ಲದೆ ತಿರುಗಿದ್ದು ಕೂಡ ಅಪರಾಧದ ಲೆಕ್ಕಕ್ಕೇ ಸೇರಿತು. ಆ ಲೆಕ್ಕವನ್ನು ತೋರಿಸಿ, ಪಟ್ಟಿ ಸರಿಯಾಗಿಯೇ ಇದೆ ಎಂದು ಮುಂದಿನ ಅಧಿಕಾರಿ ಷರಾ ಬರೆದ.

ಬೇರೆ ಕಥೆಗಳೂ ಇದ್ದವು

ಇದೇ ಜನರ ಬಗ್ಗೆ ನಮ್ಮ ನಾಡಿನಲ್ಲಿ ಬೇರೆ ಕಥೆಗಳೂ ಇದ್ದುವೆಂಬುದು ಸಮಾಧಾನದ ಸಂಗತಿ. ತಿರುಪತಿಯ ಶ್ರೀನಿವಾಸನು ಪದ್ಮಾವತಿಯನ್ನು ಮದುವೆಯಾಗಲು ಕೊರವಂಜಿಯ ವೇಷ ಧರಿಸಿ ಆಕಾಶರಾಜನ ಅರಮನೆಗೆ ಹೋಗಿ ಕಣಿ ಹೇಳಿದ ಕಥೆಯನ್ನು ಕೇಳದವರಾರು? ಯಕ್ಷಗಾನದಲ್ಲಿ ಕೊರವಂಜಿ ಬಂದಳೆಂದರೆ ಸಭೆಯ ಮುಖ ಅರಳುತ್ತದೆ. ಬದುಕಿನ ಗುಟ್ಟನ್ನು ನಗುತ್ತ ಹೇಳುವ ಜಾಣೆ ಅವಳು. 1942ರಲ್ಲಿ ರಾಶಿಯವರು ಆರಂಭಿಸಿದ ಹಾಸ್ಯಪತ್ರಿಕೆಗೆ ‘ಕೊರವಂಜಿ’ ಎಂದು ಹೆಸರಿಟ್ಟದ್ದು ಈ ಅಕ್ಕರೆಯಿಂದಲೇ. ಅದೇ ವರ್ಷ, ಅದೇ ನಾಡಿನ ಇನ್ನೊಂದು ಭಾಗದಲ್ಲಿ, ನಿಜವಾದ ಕೊರವಂಜಿಯರು ಪಾಸಿಗಾಗಿ ಕೈಯೊಡ್ಡಿ ನಿಂತಿದ್ದರು.

ಹನ್ನೆರಡನೆಯ ಶತಮಾನದ ನುಲಿಯ ಚಂದಯ್ಯನನ್ನು ಕೊರಮ ಸಮುದಾಯದವರು ತಮ್ಮ ಹಿರಿಯನೆಂದು ಗೌರವಿಸುತ್ತಾರೆ. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ನೀರಿಗೆ ಬಿದ್ದರೂ, ಹಗ್ಗ ಹೊಸೆಯುವ ಕಾಯಕ ನಿಲ್ಲಿಸದೆ ನಡೆದವನು ಆತ. ಹಗ್ಗ ಹೊಸೆಯುವವರ ಬಗ್ಗೆ ಶರಣರ ಕಥೆ ಹೇಳುವುದು ಇದನ್ನು: ದೇವರಿಗಿಂತಲೂ ದುಡಿಮೆ ದೊಡ್ಡದೆಂದು ನಂಬಿದವರು ಇವರು. ಸರ್ಕಾರದ ಕಡತ ಹೇಳಿದ್ದು ಇನ್ನೊಂದನ್ನು. ಯಾವ ಕಥೆಗೆ ಕಾಯ್ದೆಯ ಬಲ ಸಿಕ್ಕಿತೋ ಅದು ಇನ್ನೊಂದನ್ನು ಹಿಂದೆ ತಳ್ಳಿತು.

ಕಾಯ್ದೆ ಹೋಯಿತು, ಮಾತು ಹೋಯಿತೆ?

1947ರಲ್ಲಿ ಮದ್ರಾಸ್, 1949ರಲ್ಲಿ ಮುಂಬೈ ಪ್ರಾಂತಗಳು ಈ ಕಾಯ್ದೆಯನ್ನು ಕೈಬಿಟ್ಟವು. ಅನಂತಶಯನಂ ಅಯ್ಯಂಗಾರ್ ಅವರ ನೇತೃತ್ವದ ಸಮಿತಿಯ ವರದಿಯ ಅನಂತರ, 1952ರ ಆಗಸ್ಟ್ 31ರಂದು ದೇಶದಾದ್ಯಂತ ಅದು ರದ್ದಾಯಿತು. ಪಟ್ಟಿಯಿಂದ ಹೊರಬಂದವರನ್ನು ‘ವಿಮುಕ್ತ’ರೆಂದು ಕರೆದರು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು ಆಗಸ್ಟ್ 15ಕ್ಕೆ. ತಮಗೆ ಬಂದದ್ದು ಅದಾಗಿ ಐದು ವರ್ಷದ ಮೇಲೆ, ಆಗಸ್ಟ್ 31ಕ್ಕೆ ಎಂದು ಅವರು ಆ ದಿನವನ್ನು ಆಚರಿಸುತ್ತಾರೆ.

ಆದರೆ ಕಾಯ್ದೆ ರದ್ದಾದಷ್ಟು ಸುಲಭವಾಗಿ ಮಾತು ರದ್ದಾಗುವುದಿಲ್ಲ. ಹಳೆಯ ಕಾಯ್ದೆಯ ಜಾಗದಲ್ಲಿ ರಾಜ್ಯಗಳು ‘ರೂಢಿಗತ ಅಪರಾಧಿ’ಗಳ ಕಾಯ್ದೆಗಳನ್ನು ತಂದವು, ನಮ್ಮ ರಾಜ್ಯದಲ್ಲಿ ಅದು ಬಂದದ್ದು 1961ರಲ್ಲಿ. ಹೊಸ ಕಾಯ್ದೆ ಹೇಳುವುದು ಜಾತಿಯನ್ನಲ್ಲ, ವ್ಯಕ್ತಿಯನ್ನು. ಆದರೂ ಠಾಣೆಯಲ್ಲಿ ಕಣ್ಣು ಹೋಗುತ್ತಿದ್ದುದು ಹಳೆಯ ಹೆಸರುಗಳ ಕಡೆಗೇ. 1998ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಬುಧನ್ ಶಬರ್ ಎಂಬ ವಿಮುಕ್ತ ಸಮುದಾಯದ ಯುವಕ ಬಂಧನದಲ್ಲಿ ಸತ್ತ. ಮಹಾಶ್ವೇತಾ ದೇವಿಯವರು ಆ ಪ್ರಕರಣವನ್ನು ಕಲ್ಕತ್ತ ಹೈಕೋರ್ಟಿಗೆ ಒಯ್ದರು. ಅಹಮದಾಬಾದಿನಲ್ಲಿ ಇಂಥದೇ ಹಣೆಪಟ್ಟಿ ಹೊತ್ತ ಛಾರಾ ಸಮುದಾಯದ ಯುವಕರು ಅದನ್ನು ನಾಟಕ ಮಾಡಿ, ತಮ್ಮ ತಂಡಕ್ಕೆ ಬುಧನ್‌ನ ಹೆಸರನ್ನೇ ಇಟ್ಟರು. ಮರಾಠಿಯ ಲಕ್ಷ್ಮಣ ಗಾಯಕವಾಡರು 1987ರಲ್ಲಿ ಪ್ರಕಟಿಸಿದ ಆತ್ಮಕಥೆಗೆ ‘ಉಚಲ್ಯಾ’ ಎಂದು ಹೆಸರಿಟ್ಟಿದ್ದರು. ‘ಎತ್ತುವವ’, ಅಂದರೆ ಕಳ್ಳ ಎಂದು ಇತರರು ಹೀಯಾಳಿಸಿದ ಮಾತನ್ನೇ ಪುಸ್ತಕದ ಮುಖದ ಮೇಲೆ ಬರೆದು ತಮ್ಮದಾಗಿಸಿಕೊಂಡರು.

2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು, ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿದ್ದ ಜಾತಿಭೇದದ ನಿಯಮಗಳನ್ನು ತೊಡೆದುಹಾಕಿತು. ಅವುಗಳಲ್ಲಿ ವಿಮುಕ್ತ ಸಮುದಾಯದವರನ್ನು ಹುಟ್ಟಿನಿಂದಲೇ ಅಪರಾಧಕ್ಕೆ ಒಲಿದವರೆಂದು ಕಾಣುವ ಮಾತುಗಳೂ ಇದ್ದವು. ಕಾಯ್ದೆ ಸತ್ತು 72 ವರ್ಷಗಳಾಗಿದ್ದವು. ಅದರ ಮಾತು ಕೈಪಿಡಿಯ ಪುಟಗಳಲ್ಲಿ ಇನ್ನೂ ಉಸಿರಾಡುತ್ತಿತ್ತು.

ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ್’ ಎಂಬ ಹೆಸರಿದೆ. ಗಂಟು ಕದಿಯುವವರು ಎಂದೇ ಅದರ ಅರ್ಥ. ಯಾವ ಸಮುದಾಯವೂ ತನ್ನನ್ನು ತಾನು ಹೀಗೆ ಕರೆದುಕೊಂಡಿರಲಾರದು. ನೋಡಿದವರು ಇಟ್ಟ ಹೆಸರು ಅದು. ವಿದ್ಯಾರ್ಥಿವೇತನಕ್ಕೋ ಸೀಟಿಗೋ ಅರ್ಜಿ ಹಾಕುವ ಆ ಸಮುದಾಯದ ಹುಡುಗಿ ಜಾತಿ ಪ್ರಮಾಣಪತ್ರ ಪಡೆಯಬೇಕು. ಸರ್ಕಾರ ಕೊಡುವ ನೆರವು ನಿಜವಾದದ್ದೇ, ಬೇಕಾದದ್ದೇ. ಆದರೆ ಅದನ್ನು ಪಡೆಯಲು ಅವಳು ಮೊದಲು, ಮೊಹರು ಒತ್ತಿದ ಕಾಗದದಲ್ಲಿ, ತಾನು ಕಳ್ಳರ ಕುಲದವಳೆಂಬ ಮಾತನ್ನು ಹಿಡಿದು ಕೌಂಟರಿನ ಮುಂದೆ ನಿಲ್ಲಬೇಕು.

ನಾವು ಪತ್ರಿಕೆಯವರೂ ಇದಕ್ಕೆ ಹೊರತಲ್ಲ. ಕಳವಿನ ಸುದ್ದಿಯಲ್ಲಿ ಆರೋಪಿ ಬಲಿಷ್ಠ ಜಾತಿಯವನಾದರೆ ಅವನ ಹೆಸರು, ವಯಸ್ಸು, ಊರು ಬರೆದು ಸುಮ್ಮನಾಗುತ್ತೇವೆ. ಅಲೆಮಾರಿಯಾದರೆ ‘ಇಂಥವರ ಗ್ಯಾಂಗ್’ ಎಂದು ಕುಲದ ಹೆಸರನ್ನೇ ತಲೆಬರಹಕ್ಕೆ ಏರಿಸುತ್ತೇವೆ. ಮನೆಗಳಲ್ಲಿ ಅಳುವ ಮಗುವಿಗೆ ‘ಸುಮ್ಮನಿರದಿದ್ದರೆ ಅವರಿಗೆ ಹಿಡಿದುಕೊಡುತ್ತೇನೆ’ ಎಂದು ಬೀದಿಯಲ್ಲಿ ಹೋಗುವ ಬುಟ್ಟಿಯವಳನ್ನು ತೋರಿಸುತ್ತೇವೆ. ಆ ಮಗು ಮುಂದೆ ಪೊಲೀಸ್ ಅಧಿಕಾರಿಯಾಗಬಹುದು, ಗುಮಾಸ್ತನಾಗಬಹುದು, ಬಾಡಿಗೆಗೆ ಮನೆ ಕೊಡುವ ಮಾಲೀಕನಾಗಬಹುದು. ಸ್ಲೀಮನ್‌ನ ಪುಸ್ತಕವನ್ನಾಗಲಿ ಟೇಲರನ ಕಾದಂಬರಿಯನ್ನಾಗಲಿ ಅದು ಎಂದೂ ಓದಿರುವುದಿಲ್ಲ. ಓದುವ ಅಗತ್ಯವೂ ಇಲ್ಲ. ಆ ಕಥೆ ಅದಕ್ಕೆ ತೊಟ್ಟಿಲಲ್ಲಿಯೇ ಸಿಕ್ಕಿರುತ್ತದೆ.

ಹುಬ್ಬಳ್ಳಿಯ ಆಟೊ ‘ಸೆಟ್ಲಮೆಂಟ್’ ಎಂದ ಕಡೆ ಇಂದಿಗೂ ನಿಲ್ಲುತ್ತದೆ. ಹೆಸರಿನ ಹಿಂದಿದ್ದ ಎರಡು ಕ್ರೂರ ಪದಗಳನ್ನು ಜನರ ಬಾಯಿ ತಾನಾಗಿಯೇ ಬಿಟ್ಟುಕೊಟ್ಟಿದೆ. ಬಾಯಿ ಬಿಟ್ಟದ್ದನ್ನು ಮನಸ್ಸೂ ಬಿಡಬೇಕು. ಉಳಿದಿರುವ ಕೆಲಸ ಅದು.